ಅಲ್ಲಾಡದೆ ನಿಂತವರು

ಹುಚ್ಚಿನಲ್ಲಿ ನೂರೆಂಟು ಬಗೆ. ಗುಬ್ಬಿಯ ಹೇಮಶ್ರೀ ಮಿಸ್ಸಿಗೆ ಹಿಡಿದಿದ್ದು ರಾಕೆಟ್ಟಿನ ಹುಚ್ಚು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಹೆಂಗಸು. ಮನೆ, ಗಂಡ, ತಿದ್ದಿ ಮುಗಿಯದ ಉತ್ತರಪತ್ರಿಕೆ ಎಲ್ಲ ಇದ್ದೂ, ಶ್ರೀಹರಿಕೋಟದಲ್ಲಿ ರಾಕೆಟ್ ಹಾರುತ್ತದೆ ಅಂದರೆ ಸಾಕು, ಕ್ಯಾಮೆರಾ ಸ್ಟ್ಯಾಂಡು ಹೆಗಲಿಗೇರಿಸಿಕೊಂಡು ಟೆರೇಸ್ ಹತ್ತಿಬಿಡುವಳು. ಶ್ರೀಹರಿಕೋಟ ಎಲ್ಲಿ, ಗುಬ್ಬಿ ಎಲ್ಲಿ! ಆದರೆ ನಸುಕಿನಲ್ಲೋ ಮುಸ್ಸಂಜೆಯಲ್ಲೋ ಹಾರಿದರೆ, ಮೋಡ ಅಡ್ಡ ಬರದಿದ್ದರೆ, ಅಷ್ಟು ದೂರದ ಬೆಳಕು ಪೂರ್ವದಂಚಿನಲ್ಲಿ ಇಲ್ಲಿಗೂ ಕಾಣುತ್ತದೆ. ಕಾಣುತ್ತದೆ ಎಂದು ಅವಳು ಹೇಳುತ್ತಿದ್ದಳು. ಬೀದಿಯಲ್ಲಿ ಯಾರೂ ಕಂಡಿರಲಿಲ್ಲ, ನಿಜ ಹೇಳಬೇಕೆಂದರೆ ಅವಳೂ ಸರಿಯಾಗಿ ಕಂಡಿರಲಿಲ್ಲ.

ಒಮ್ಮೆ ಬಯಲು ಚೆನ್ನಾಗಿ ಸಿಗುತ್ತದೆಂದು ಕುಣಿಗಲ್ ಕೆರೆ ಏರಿಯ ಮೇಲೆ ಹೋಗಿ ನಿಂತಳು. ಮೋಡ. ಇನ್ನೊಮ್ಮೆ ದೇವರಾಯನದುರ್ಗದ ಬೆಟ್ಟ ಹತ್ತಿದಳು. ಮಂಜು. ಮತ್ತೊಮ್ಮೆ ಎಲ್ಲ ಸರಿಯಿತ್ತು, ಉಡಾವಣೆಯನ್ನೇ ಮುಂದೂಡಿದರು. ಗಂಡ ಸಂತೋಷ್ ಒಳ್ಳೆಯವನೇ, ಬಾಯಿ ಮಾತ್ರ ಸುಮ್ಮನಿರದು. "ಊರ ಹೆಂಗಸ್ರು ಸಂಕಷ್ಟಿ ದಿನ ಚಂದ್ರನ್ನ ನೋಡಿ ಊಟ ಮಾಡ್ತಾರೆ. ನಮ್ಮನೆಯೋಳು ರಾಕೆಟ್ ನೋಡಿದ ಮೇಲೇ ಕಾಫಿ ಇಡೋದು," ಎಂದು ರೈಲಿನಲ್ಲಿ ಆಫೀಸಿನವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದ. ಹಾಗಂತ ಒಮ್ಮೆ ಶ್ರೀಹರಿಕೋಟಕ್ಕೇ ಕರೆದುಕೊಂಡು ಹೋಗಿದ್ದವನೂ ಅವನೇ. ಅಲ್ಲಿ ಗ್ಯಾಲರಿಯಲ್ಲಿ ಜನವೋ ಜನ. ಎದೆ ಗುಡುಗುಟ್ಟುವ ಸದ್ದು, ಬೆಂಕಿ, ಹೊಗೆ, ಎಲ್ಲರ ಕೈಯಲ್ಲೂ ಮೊಬೈಲು. ಹೇಮಶ್ರೀಯೂ ತೆಗೆದಳು. ಮನೆಗೆ ಬಂದು ನೋಡಿದರೆ ಅದು ಎಲ್ಲರೂ ತೆಗೆದ ಫೋಟೊವೇ. ಅವಳಿಗೆ ಬೇಕಾಗಿದ್ದು ಅದಲ್ಲ. ಗುಬ್ಬಿಯ ಹೆಂಚು, ನೀರಿನ ಟ್ಯಾಂಕು, ತೆಂಗಿನ ಗರಿ, ಕೇಬಲ್ ತಂತಿ, ಇವುಗಳ ಮೇಲೆ ರಾಕೆಟ್ಟು ಏರಿ ಹೋಗಬೇಕು. ನಮ್ಮೂರಿನ ಆಕಾಶದಲ್ಲಿ. ಅಷ್ಟೇ ಅವಳ ಆಸೆ.

ಆ ಸಲ ಹಾರುವುದು ಬೆಳಕು ಹರಿಯುವ ಮುಂಚೆ ಎಂದು ಗೊತ್ತಾದಾಗ ಹೇಮಶ್ರೀಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಿಂದಿನ ದಿನವೇ ಬೀದಿಯ ವಾಟ್ಸಾಪ್ ಗ್ರೂಪಿಗೆ ಬರೆದು ಹಾಕಿದಳು: "ನಾಳೆ ನಸುಕಿನಲ್ಲಿ ಎಲ್ಲರೂ ಟೆರೇಸ್ ಹತ್ತಿ ಪೂರ್ವಕ್ಕೆ ನೋಡಿ. ಮಕ್ಕಳನ್ನೂ ಎಬ್ಬಿಸಿ." ಉತ್ತರವಾಗಿ ನಾಲ್ಕು ಕೈಮುಗಿದ ಚಿತ್ರ, ಒಂದು ಗುಡ್ ನೈಟ್ ಗುಲಾಬಿ ಬಂದವು. ಗ್ರೂಪಿನ ಅಡ್ಮಿನ್ ರಂಗನಾಥ್, ರಿಟೈರಾಗಿ ಮನೆಯಲ್ಲಿ ಕೂತವರು, ಬೀದಿಯಲ್ಲಿ ಸೊಳ್ಳೆ ಹಾರಿದರೂ ಲೆಕ್ಕ ಇಡುವ ಮನುಷ್ಯ. "ನಿಮ್ಮ ಉತ್ಸಾಹಕ್ಕೆ ಅಭಿನಂದನೆ ಮೇಡಮ್" ಎಂದು ಬರೆದು ಮಲಗಿದರು. ಬೇರೆಯಾಗಿ ಮೆಸೇಜ್ ಕಳಿಸಿದವಳು ಪೂಜಾ ಒಬ್ಬಳೇ. "ನಾನು ನೋಡೇ ನೋಡ್ತೀನಿ ಮಿಸ್. ಪ್ರಾಮಿಸ್."

ಪೂಜಾ, ಎರಡು ಮನೆ ಆಚೆಯ ಕದರಯ್ಯನ ಮಗಳು. ಹೇಮಶ್ರೀಯ ಹತ್ತಿರವೇ ಲೆಕ್ಕ ಕಲಿತವಳು. ಈಗ ತುಮಕೂರಿಗೆ ರೈಲಿನಲ್ಲಿ ಓಡಾಡಿಕೊಂಡು ನರ್ಸಿಂಗ್ ಕೊನೇ ವರ್ಷ ಓದುತ್ತಿದ್ದಳು. ಕದರಯ್ಯ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ಆ ವಾರ ರಾತ್ರಿ ಪಾಳಿ. ತಾಯಿ ಗಂಗಲಕ್ಷ್ಮಮ್ಮ ಆ ಹೊತ್ತಿಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿರುತ್ತಾರೆ.

ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಹೇಮಶ್ರೀ ಸ್ಟ್ಯಾಂಡ್ ಊರಿ, ಕ್ಯಾಮೆರಾವನ್ನು ಪೂರ್ವಕ್ಕೆ ತಿರುಗಿಸಿ, ಕೆಳಗಡೆ ಬೀದಿಯ ಟೆರೇಸುಗಳು ಬರುವಂತೆ ಚೌಕಟ್ಟು ಹೊಂದಿಸಿದಳು. ಇಂಥ ಫೋಟೊ ಚಕ್ಕನೆ ಒತ್ತಿ ತೆಗೆಯುವುದಲ್ಲ. ಶಟರನ್ನು ತೆರೆದು ಹಾಗೇ ಬಿಡಬೇಕು. ರಾಕೆಟ್ಟು ಏರುತ್ತ ಹೋದಂತೆ ಅದರ ಬೆಳಕು ಒಂದು ಗೆರೆಯಾಗಿ ಬೀಳುತ್ತದೆ. ಅಷ್ಟು ಹೊತ್ತಿನಲ್ಲಿ ಬೀದಿಯಲ್ಲಿ ಹಾಲಿನವನು ಹೋಗಲಿ, ನಾಯಿ ಓಡಲಿ, ಅವು ಫೋಟೊದಲ್ಲಿ ಉಳಿಯುವುದಿಲ್ಲ, ಆವಿಯ ಹಾಗೆ ಹೋಗಿಬಿಡುತ್ತವೆ. ಅಲ್ಲಾಡದೆ ಒಂದೇ ಕಡೆ ಇದ್ದದ್ದು ಮಾತ್ರ ಉಳಿಯುತ್ತದೆ. ಮತ್ತೆ ನಮ್ಮ ಕಣ್ಣಿಗೆ ಬರೀ ಕತ್ತಲೆ ಅನ್ನಿಸಿದ್ದು ಕ್ಯಾಮೆರಾಕ್ಕೆ ಕತ್ತಲೆಯಲ್ಲ. ಬೀದಿದೀಪದ ಚೂರುಪಾರು ಬೆಳಕನ್ನೂ ಅದು ಒಟ್ಟುಮಾಡಿ ಇಟ್ಟುಕೊಳ್ಳುತ್ತದೆ. ಇದೆಲ್ಲ ಹೇಮಶ್ರೀಗೆ ಗೊತ್ತಿತ್ತು. ಗೊತ್ತಿದ್ದೂ ಕೆಟ್ಟಳು.

ಮೊಬೈಲಿನ ನೇರಪ್ರಸಾರದಲ್ಲಿ ರಾಕೆಟ್ ಹಾರಿತೆಂದು ಚಪ್ಪಾಳೆ ಕೇಳಿತು. ಇಲ್ಲಿ ಏನೂ ಇಲ್ಲ. ಅಷ್ಟು ದೂರದ್ದು ಭೂಮಿಯ ಉಬ್ಬು ದಾಟಿ ಮೇಲೆ ಬರಬೇಕಲ್ಲ. ಹೇಮಶ್ರೀ ಶಟರ್ ತೆರೆದು ಉಸಿರು ಬಿಗಿಹಿಡಿದಳು. ಅಗೋ! ತೆಂಗಿನ ಮರಗಳ ಹಿಂದಿನಿಂದ ಕೆಂಪನೆಯದೊಂದು ಚುಕ್ಕಿ ಎದ್ದಿತು. ಎದ್ದಿದ್ದೇ ಬಲಕ್ಕೆ ಬಾಗುತ್ತ, ಮೇಲಕ್ಕೆ ಹೋಗುತ್ತ, ಇನ್ನೂ ನಮಗೆ ಕಾಣದ ಸೂರ್ಯನ ಬೆಳಕು ಅದಕ್ಕೆ ತಗಲಿತೋ ಇಲ್ಲವೋ, ಹಿಂದಿನ ಹೊಗೆಯೆಲ್ಲ ಬೆಳ್ಳಗೆ ನೀಲಿಗೆ ಅರಳಿಬಿಟ್ಟಿತು. "ಅಯ್ಯೋ ರೀ, ಬನ್ರೀ, ಬನ್ರೀ!" ಎಂದು ಹೇಮಶ್ರೀ ಕೂಗಿದಳು. ಸಂತೋಷ್ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿಬಂದು, ನೋಡಿ, ನೊರೆ ನುಂಗಿದ. ಅವಳು ಅಳುತ್ತಿದ್ದಳು. ಇಷ್ಟು ವರ್ಷದ ಮೇಲೆ ಬಂದಿತ್ತು, ಅವಳ ಮನೆಯ ಮೇಲೆಯೇ ಬಂದಿತ್ತು.

ಸ್ಕೂಲಿಗೆ ಹೊರಡುವ ಗಡಿಬಿಡಿ. ಕಂಪ್ಯೂಟರಿನಲ್ಲಿ ತೆರೆದು ಗೆರೆ ಚೆನ್ನಾಗಿ ಬಂದಿದೆಯಾ, ಎಲ್ಲಾದರೂ ಕದಲಿದೆಯಾ ಎಂದು ಆಕಾಶವನ್ನಷ್ಟೇ ಮೂಲೆಮೂಲೆಯೂ ನೋಡಿದಳು. ಕೆಳಗಿನ ಟೆರೇಸುಗಳನ್ನು ನೋಡುವ ಬುದ್ಧಿ ಬರಲಿಲ್ಲ. ಆಕಾಶ ನೋಡುವವರಿಗೆ ಕಾಲಡಿ ಕಾಣುವುದಿಲ್ಲ ಅನ್ನುವುದು ಸುಳ್ಳಲ್ಲ. ಫೋಟೊವನ್ನು ಬೀದಿಯ ಗ್ರೂಪಿಗೆ ಹಾಕಿ, ಬೆಂಗಳೂರಿನ ಹವ್ಯಾಸಿಗಳ ಬಳಗಕ್ಕೂ ಕಳಿಸಿ ಸ್ಕೂಲಿಗೆ ಹೋದಳು.

ಮೊದಲ ಪೀರಿಯಡ್ ಮುಗಿಯುವಷ್ಟರಲ್ಲಿ ಫೋಟೊ ಊರೆಲ್ಲ ಸುತ್ತಿತ್ತು. ಸ್ಟಾಫ್ ರೂಮಿನಲ್ಲಿ ಅಭಿನಂದನೆ, ಹೆಡ್‌ಮಾಸ್ಟರಿಂದ ಸಿಹಿ ತರಿಸುವ ಮಾತು. ಬೆಂಗಳೂರಿನ ಬಳಗದವರು ಪ್ರದರ್ಶನಕ್ಕೆ ಇಡುತ್ತೇವೆ, ಒರಿಜಿನಲ್ ಕಳಿಸಿ ಎಂದು ಬರೆದರು. ಆದರೆ ನಮ್ಮ ಜನ ರಾಕೆಟ್ಟನ್ನು ಎಷ್ಟು ಹೊತ್ತು ನೋಡಿಯಾರು? ಒಂದು ಸಲ ವಾಹ್ ಅಂದರು, ಆಮೇಲೆ ಎಲ್ಲರೂ ಬೆರಳಿನಿಂದ ಅಗಲಿಸಿ ಹುಡುಕಿದ್ದು ತಂತಮ್ಮ ಮನೆಯನ್ನು. "ನಮ್ಮ ಟ್ಯಾಂಕ್ ಕಾಣ್ತಿದೆ!" "ನಮ್ಮ ಒಣಗಾಕಿದ ಬೆಡ್‌ಶೀಟು!" ಎಂದು ಒಬ್ಬೊಬ್ಬರೇ ಬರೆಯತೊಡಗಿದರು. ರಂಗನಾಥ್ ಬರೆದರು: "ಕದರಯ್ಯನವರ ಟೆರೇಸ್ ಮೇಲೂ ಯಾರೋ ನಿಂತು ನೋಡ್ತಿದ್ದಾರೆ. ಸಂತೋಷದ ವಿಷಯ."

ಹೇಮಶ್ರೀ ಅಗಲಿಸಿ ನೋಡಿದಳು. ಒಬ್ಬರಲ್ಲ, ಇಬ್ಬರು. ಬೆನ್ನು ತಿರುಗಿಸಿ ನಿಂತ ಹುಡುಗಿ, ಉದ್ದ ಜಡೆ. ಪಕ್ಕದಲ್ಲಿ ಒಬ್ಬ ಹುಡುಗ. ಕೈಗೆ ಕೈ ಹೆಣೆದಿತ್ತು. ಆ ಜಡೆ ಪೂಜಾಳದೇ.

ಆಗ ಸುಮ್ಮನಿದ್ದಿದ್ದರೆ! ರಂಗನಾಥರ ಮಾತನ್ನು ಯಾರೂ ಓದುವುದೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಯಾರದೋ ಬರ್ತ್‌ಡೇ ಕೇಕ್ ಬಂದು ಎಲ್ಲ ಕೆಳಗೆ ಹೋಗುತ್ತಿತ್ತು. ಆದರೆ ಹೇಮಶ್ರೀ ಗಾಬರಿಯಲ್ಲಿ ಫೋಟೊವನ್ನು ಅಳಿಸಿ, ಟೆರೇಸುಗಳನ್ನೆಲ್ಲ ಕತ್ತರಿಸಿ, ಬರೀ ಆಕಾಶದ್ದನ್ನು ಹಾಕಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಆಮೇಲೆ ರಂಗನಾಥ್ ಕೇಳಿದರು: "ಮೊದಲಿನ ಫೋಟೊ ಯಾಕೆ ತೆಗೆದ್ರಿ ಮೇಡಮ್?" ಅಷ್ಟರಲ್ಲಿ ಅದು ಎಷ್ಟೋ ಫೋನುಗಳಲ್ಲಿ ಉಳಿದುಕೊಂಡಿತ್ತು. ಸಂಜೆ ಹೊತ್ತಿಗೆ ಇಬ್ಬರ ಸುತ್ತ ಕೆಂಪು ಬಳೆ ಬರೆದ ಚಿತ್ರವೊಂದು ಹಾಲಿನ ಡೇರಿಯಿಂದ ಬಸ್ ಸ್ಟ್ಯಾಂಡಿನವರೆಗೆ ತಿರುಗಾಡಿತು. ರಾಕೆಟ್ಟು ಅದರಲ್ಲಿ ಇರಲೇ ಇಲ್ಲ.

ಕತ್ತಲಾಗುವ ಮುಂಚೆ ಕದರಯ್ಯನೇ ಬಂದ. ಜೊತೆಯಲ್ಲಿ ರಂಗನಾಥ್. ರಾತ್ರಿ ಪಾಳಿ ಮುಗಿಸಿ ಬಂದು ಮಲಗದ ಕಣ್ಣು, ಗಡ್ಡ ಬಿಟ್ಟ ಮುಖ. ಕೂರಿ ಅಂದರೂ ಕೂರಲಿಲ್ಲ.

"ಮೇಡಮ್ನೋರೆ, ನನ್ ಮಗ್ಳು ಬಾಯಿ ಬಿಡ್ತಿಲ್ಲ," ಎಂದ. "ಅವರಮ್ಮ ಹೊಡುದ್ಲು. ಆದ್ರೂ ಯಾರು ಅಂತ ಹೇಳ್ತಿಲ್ಲ. ಫೋನಲ್ಲಿ ನೋಡುದ್ರೆ ಮುಖ ಮಸುಕು ಮಸುಕು. ನಿಮ್ ಕಂಪ್ಯೂಟ್ರಲ್ಲಿ ದೊಡ್ಡದ್ ಮಾಡುದ್ರೆ ಗೊತ್ತಾಗುತ್ತಂತಲ್ಲ?"

"ಒರಿಜಿನಲ್ಲು," ಎಂದರು ರಂಗನಾಥ್. "ಅದ್ರಲ್ಲಿ ಎಲ್ಲಾ ಕ್ಲಿಯರ್ ಆಗಿರುತ್ತೆ. ಪಕ್ಕದಲ್ಲಿ ಅರ್ಧ ಕಟ್ಟಿದ ಮನೆ ಇದೆಯಲ್ಲ, ಅದ್ರ ಮೆಟ್ಲಿಂದ ಹತ್ತಿ ಬಂದವ್ನೆ ಅವ್ನು. ಯಾರು ಅನ್ನೋದೊಂದೇ ಬಾಕಿ."

ಅತ್ತ ದರಿ ಇತ್ತ ಪುಲಿ. "ಈಗ್ ತಾನೆ ಸ್ಕೂಲಿಂದ ಬಂದಿದೀನಿ ಕದರಯ್ಯನೋರೆ. ನಾನೇ ಇನ್ನೂ ಸರಿಯಾಗಿ ನೋಡಿಲ್ಲ. ನಾಳೆ ಬೆಳಿಗ್ಗೆ ಬನ್ನಿ," ಎಂದಳು. ಕದರಯ್ಯ ತಲೆಯಾಡಿಸಿದ. ಗೇಟಿನ ಹತ್ತಿರ ನಿಂತು, "ನಿಮ್ಮನ್ನ ನಂಬ್ಕೊಂಡಿದೀನಿ ಮೇಡಮ್ನೋರೆ," ಎಂದ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಅವರು ಹೋದ ಕೂಡಲೇ ಬಾಗಿಲು ಹಾಕಿ ಕಂಪ್ಯೂಟರ್ ತೆರೆದಳು. ದೊಡ್ಡದು ಮಾಡುತ್ತ, ಮಾಡುತ್ತ ಆ ಟೆರೇಸಿಗೆ ಬಂದಳು. ಪೂಜಾ ಕತ್ತು ಎತ್ತಿ ರಾಕೆಟ್ಟನ್ನೇ ನೋಡುತ್ತಿದ್ದಳು, ಪ್ರಾಮಿಸ್ ಮಾಡಿದ್ದಳಲ್ಲ. ಹುಡುಗ ರಾಕೆಟ್ ನೋಡುತ್ತಿರಲಿಲ್ಲ. ಶಟರ್ ತೆರೆದಿದ್ದ ಅಷ್ಟೂ ಹೊತ್ತು ಅವನು ಮುಖ ಪಕ್ಕಕ್ಕೆ ತಿರುಗಿಸಿ ಪೂಜಾಳನ್ನೇ ನೋಡುತ್ತ ನಿಂತುಬಿಟ್ಟಿದ್ದ. ಒಂದಿಷ್ಟು ಅಲ್ಲಾಡಿದ್ದರೂ ಮುಖ ಅಳಿಸಿಹೋಗುತ್ತಿತ್ತು. ಅವನು ಅಲ್ಲಾಡಿರಲಿಲ್ಲ. ಬೀದಿದೀಪದ ಬೆಳಕಿನಲ್ಲಿ ಆ ಹಣೆ, ಆ ಮೂಗು, ಆ ಕಿರುಗಡ್ಡ. ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಸ್ಟೋರಿನ ಚೈತನ್ಯ. ಗುರುತು ಹಿಡಿಯಲು ಕ್ಷಣವೂ ಬೇಕಾಗಲಿಲ್ಲ. ಒಳ್ಳೆಯ ಹುಡುಗ. ಜಾತಿ ಬೇರೆ.

ಸಂತೋಷ್ ಟೀ ತಂದು ಪಕ್ಕದಲ್ಲಿಟ್ಟು, ಬಗ್ಗಿ ನೋಡಿ, "ಅಯ್ಯಯ್ಯೋ," ಎಂದ. ಇವತ್ತು ಅವನಿಗೂ ತಮಾಷೆ ಬರಲಿಲ್ಲ.

"ಏನ್ ಮಾಡ್ಲಿ ರೀ?"

"ಕೊಟ್ರೆ ಆ ಹುಡುಗನ ಕೈಕಾಲು ಮುರೀತಾರೆ. ಕೊಡ್ದಿದ್ರೆ ಅವರಿಬ್ಬರಿಗೂ ನೀನೇ ಜಾಗ ತೋರ್ಸ್ಕೊಟ್ಟೆ ಅಂತಾರೆ. ಇಲ್ಲ ಅಂತ ಸುಳ್ಳು ಹೇಳಿಬಿಡು ಕಣೇ. ಎಲ್ಲಾದ್ರೂ ಬಚ್ಚಿಡು."

"ಸುಳ್ಳು ಹೇಳೋಕೆ ಬರುತ್ತಾ ನಂಗೆ? ಮುಖ ನೋಡುದ್ರೆ ಮಕ್ಕಳೇ ಕಂಡುಹಿಡೀತವೆ."

ಪೂಜಾಳಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಫೋನನ್ನು ಕಿತ್ತಿಟ್ಟುಕೊಂಡಿರಬೇಕು. ಮನೆಗೆ ಹೋಗಿ ಕೇಳೋಣವೆಂದರೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಕೂತು ಯೋಚಿಸಿದಳು. ಇದ್ದರೆ ತಾನೇ ಕೇಳುವುದು, ಇಲ್ಲದಿದ್ದರೆ ಏನು ಕೇಳುತ್ತಾರೆ? ಬೆಂಗಳೂರಿನವರ ನೆನಪು ಬಂತು. ಕುಣಿಗಲ್ಲಿನ ಏರಿ, ಬೆಟ್ಟದ ಮಂಜು, ಇಷ್ಟು ವರ್ಷದ ಕಾಯುವಿಕೆ ಎಲ್ಲ ನೆನಪು ಬಂತು. ಟೀ ಆರುವ ಮೊದಲೇ ಕ್ಯಾಮೆರಾದ ಕಾರ್ಡನ್ನು ಅಳಿಸಿದಳು, ಕಂಪ್ಯೂಟರಿನದನ್ನು ಅಳಿಸಿದಳು, ಕಸದ ಬುಟ್ಟಿಯಿಂದಲೂ ತೆಗೆದಳು, ಫೋನಿನಲ್ಲಿ ಉಳಿದ ಮೊದಲಿನದನ್ನೂ ತೆಗೆದಳು. ಬೆಂಗಳೂರಿನವರಿಗೂ ಫೋನ್ ಮಾಡಿ ಅವರ ಹತ್ತಿರವಿದ್ದದ್ದನ್ನು ಕೈಮುಗಿದು ತೆಗೆಸಿದಳು. ಉಳಿದಿದ್ದು ಆ ಕತ್ತರಿಸಿದ ಆಕಾಶವೊಂದೇ. ಒಂದು ಬೆಳಕಿನ ಗೆರೆ. ಅದು ಯಾವ ಊರಿನದ್ದಾದರೂ ಆಗಬಹುದು.

ಬೆಳಿಗ್ಗೆ ಕದರಯ್ಯ ಒಬ್ಬನೇ ಬಂದ. ಹೇಮಶ್ರೀ ರಾತ್ರಿಯೆಲ್ಲ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದನ್ನು ಒಂದೇ ಉಸಿರಿಗೆ ಹೇಳಿದಳು: "ಆ ಫೋಟೊ ಅಳಿಸಿಬಿಟ್ಟೆ ಕದರಯ್ಯನೋರೆ. ಈಗ ನನ್ನ ಹತ್ರ ಇಲ್ಲ. ಪೂಜಾ ಜಾಣೆ. ಅವಳ ಓದು ಮಾತ್ರ ನಿಲ್ಲಿಸಬೇಡಿ."

ಕೂಗಾಡುತ್ತಾನೆಂದುಕೊಂಡಿದ್ದಳು. ಅವನು ಕೂಗಲಿಲ್ಲ. ಮೆಟ್ಟಿಲ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡ.

"ಅಳ್ಸುದ್ರಾ? ಹಂಗಾದ್ರೆ ಗುರ್ತಿರೋನೇ ಅಂತಾಯ್ತು. ಬುಡಿ ಮೇಡಮ್ನೋರೆ. ಮುಖ ಯಾರ್ದಾದ್ರೇನು? ಕೈ ನಮ್ ಹುಡ್ಗೀದೇ ತಾನೆ?"

ಹೇಮಶ್ರೀ ಒಳಗಿಂದ ನೀರು ತಂದು ಅವನ ಪಕ್ಕದಲ್ಲಿಟ್ಟಳು.

"ಬೆಳಿಗ್ಗೆ ಫಸ್ಟ್ ಬಸ್ಸಿಗೆ ಅವರಮ್ಮ ಅವಳ್ನ ಕುಣಿಗಲ್ಗೆ ಕರ್ಕೊಂಡೋದ್ಲು, ತವ್ರುಮನೆಗೆ. ಅವರಮ್ಮನ ತಮ್ಮ ಒಬ್ಬವ್ನೆ. ಎಷ್ಟೋ ದಿನದಿಂದ ಹೆಣ್ ಕೇಳ್ತಾನೇ ಇದ್ರು, ಓದ್ಲಿ ಅಂತ ನಾನೇ ತಳ್ತಿದ್ದೆ. ಇನ್ನೇನ್ ತಳ್ಳೋದು?" ಅವನು ಎದ್ದ. "ನಾನ್ ನೈಟ್ ಶಿಫ್ಟ್ ಮಾಡಿ ಓದುಸ್ತಿದ್ದೆ ಮೇಡಮ್ನೋರೆ ಅವಳ್ನ. ಎಲ್ರೂ ಮಾಳಿಗೆ ಹತ್ತಿ ಅಂತ ಕರ್ದೋರು ನೀವೇ. ನೀವ್ ಕರೀದೆ ಇದ್ದಿದ್ರೆ ಅವಳು ಹತ್ತುತ್ಲೇ ಇರ್ಲಿಲ್ಲ."

ಅವನು ಹೋದಮೇಲೆ ಅವಳು ಅಡುಗೆಮನೆಯಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತಳು. ಸಂತೋಷ್ ಅವತ್ತು ರೈಲು ಬಿಟ್ಟು ಮನೆಯಲ್ಲೇ ಇದ್ದ.

ದಿನಗಳು ಕಳೆದವು. ಊರು ಇನ್ನೊಂದು ಸುದ್ದಿಗೆ ಹೋಯಿತು. ಒಂದು ಸಂಜೆ ಹೇಮಶ್ರೀ ತಲೆನೋವಿನ ಮಾತ್ರೆಯ ನೆಪ ಮಾಡಿಕೊಂಡು ಮೆಡಿಕಲ್ ಸ್ಟೋರಿಗೆ ಹೋದಳು. ಚೈತನ್ಯ ಮಾತ್ರೆ ಕವರಿಗೆ ಹಾಕಿ ಕೊಟ್ಟ, ಚಿಲ್ಲರೆ ಕೊಟ್ಟ. ತಲೆ ಎತ್ತಲಿಲ್ಲ. ಅವನ ಕೈಕಾಲು ನೆಟ್ಟಗಿವೆ, ಅಷ್ಟಾದರೂ ಆಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದಳು. ಜೊತೆಗೇ, ಎಲ್ಲಾ ಆ ಹುಡುಗಿಯ ತಲೆಗೇ ಬಂತಲ್ಲ, ನೀನೊಂದು ಮಾತಾಡಬಾರದಿತ್ತೇನೋ ಎಂದು ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಮನೆಗೆ ಬಂದಳು. ಕ್ಯಾಮೆರಾ ಬೀರುವಿನ ಮೇಲೆ ಹೋಯಿತು. ಮುಂದಿನ ಉಡಾವಣೆಯ ದಿನ ಅವಳು ಬಾಗಿಲು ಹಾಕಿಕೊಂಡು ಉತ್ತರಪತ್ರಿಕೆ ತಿದ್ದಿದಳು.

ಒಂದು ಮಧ್ಯಾಹ್ನ, ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆರೆಯುವಾಗ ಗುರುತಿಲ್ಲದ ನಂಬರಿನಿಂದ ಫೋನ್ ಬಂತು.

"ಮಿಸ್, ನಾನು ಪೂಜಾ."

ಹೇಮಶ್ರೀ ಡಬ್ಬಿ ಬಿಟ್ಟು ವರಾಂಡಕ್ಕೆ ಓಡಿದಳು. "ಹೇಗಿದೀಯೇ? ಎಲ್ಲಿದೀಯೆ?"

"ಕುಣಿಗಲ್ಲಲ್ಲೇ. ಅಜ್ಜಿ ಫೋನಿಂದ ಮಾಡ್ತಿದೀನಿ, ಅವರು ನೀರಿಗೋಗಿದಾರೆ. ಮುಂದಿನ ವಾರ ಮಾವನ ಜೊತೆ ಮದುವೆ ಮಿಸ್. ದೇವಸ್ಥಾನದಲ್ಲೇ, ಸಿಂಪಲ್ಲಾಗಿ."

"ಓದು?"

"ಆಮೇಲೆ ಓದಿಸ್ತಾರಂತೆ," ಎಂದಳು ಪೂಜಾ. ಅದನ್ನು ಅವಳೂ ನಂಬಿರಲಿಲ್ಲ ಎಂದು ದನಿಯೇ ಹೇಳುತ್ತಿತ್ತು. "ಮಿಸ್, ಒಂದು ಕೇಳ್ಬೇಕಿತ್ತು. ಬೈಬೇಡಿ. ಆ ಫೋಟೊ ಇದ್ಯಾ ನಿಮ್ಮ ಹತ್ರ? ಮುಖ ಕಾಣೋದು?"

ಹೇಮಶ್ರೀ ವರಾಂಡದ ತುದಿಗೆ ಸರಿದು ನಿಂತಳು.

"ನಾವಿಬ್ರೂ ಯಾವತ್ತೂ ಫೋಟೊ ತೆಗೊಂಡೇ ಇಲ್ಲ ಮಿಸ್. ಯಾರಾದ್ರೂ ಫೋನ್ ನೋಡಿದ್ರೆ ಅಂತ ಭಯ. ನಾವು ಜೊತೇಲಿರೋದು ಅದೊಂದೇ. ಒಂದ್ಸಲ ಕಳ್ಸಿ, ನೋಡಿ ಡಿಲೀಟ್ ಮಾಡ್ಬಿಡ್ತೀನಿ. ಇಟ್ಕೊಳಲ್ಲ."

"ಪೂಜಾ, ಅದನ್ನ ಅಳಿಸಿಬಿಟ್ಟೆ ಕಣೇ. ಅವತ್ತೇ. ನಿಮ್ಮಪ್ಪ ಕೇಳೋಕೆ ಬಂದಿದ್ರು, ಅದಕ್ಕೆ..."

ಆ ಕಡೆ ದೂರದಲ್ಲಿ ಯಾವುದೋ ಟಿವಿ ಕೇಳಿಸುತ್ತಿತ್ತು.

"ನೀವು ನೋಡಿದ್ರಾ ಮಿಸ್, ಅಳಿಸೋಕೆ ಮುಂಚೆ?"

"ನೋಡ್ದೆ."

"ಹೆಂಗಿತ್ತು?"

"ಚೆನ್ನಾಗಿತ್ತು ಕಣೇ. ತುಂಬ ಚೆನ್ನಾಗಿತ್ತು. ನೀನು ರಾಕೆಟ್ ನೋಡ್ತಿದ್ದೆ."

"ಅವ್ನು?"

"ನಿನ್ನೇ ನೋಡ್ತಿದ್ದ. ಮೊದಲಿಂದ ಕೊನೇವರೆಗೂ."

ಪೂಜಾ ಅಳಲಿಲ್ಲ. ನಿಟ್ಟುಸಿರೊಂದು ಕೇಳಿಸಿತು. ಹಿಂದೆ ಯಾರೋ ಬಿಂದಿಗೆ ಇಳಿಸಿದ ಸದ್ದಾಯಿತು, ಅವಳ ದನಿ ಪಿಸುಮಾತಾಯಿತು.

"ಊರೆಲ್ಲ ನೋಡ್ತು ಮಿಸ್ ಆ ಫೋಟೋನ. ಅಪ್ಪ ನೋಡಿದ್ರು, ಅಮ್ಮ ನೋಡಿದ್ರು, ನಮ್ಮ ಮಾವನೂ ನೋಡಿದಾನೆ. ನಾನೊಬ್ಳೇ ನೋಡ್ಲಿಲ್ಲ."